ಸ್ಪ್ಯಾನಿಷ್‌ನಲ್ಲಿ ‘ನನಗೆ ಅದನ್ನು ಕೊಡು’ ಎನ್ನುವುದು ಹೇಗೆ?

ಸ್ನೇಹಿತರೊಡನೆ, ಮನೆಯವರೊಡನೆ, ಮಕ್ಕಳೊಡನೆ ಆಡುವ ಏಕವಚನದ ವಿಧ್ಯರ್ಥವು ಸ್ಪ್ಯಾನಿಷ್‌ನಲ್ಲಿ ‘ತೂ’ ಎಂಬ ಸರ್ವನಾಮಕ್ಕೆ ಸೇರಿದ್ದು. ಗೌರವದ ‘ಉಸ್ತೇದ್’ಗೆ ಬೇರೆಯೇ ರೂಪವಿದೆ. ‘ನೀನು’, ‘ನೀವು’ಗಳ ನಡುವೆ ಬೆಳೆದ ನಮಗೆ ಈ ಭೇದ ಹೊಸದಲ್ಲ, ‘ನನಗೆ’, ‘ಅದನ್ನು’ ಎಂಬ ಸರ್ವನಾಮಗಳನ್ನು ಎಲ್ಲಿ ಕೂರಿಸಬೇಕೆಂಬುದೇ ಹೊಸದು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ‘ಮಾಡು’ ಎಂಬುದರಿಂದ ತೊಡಗುತ್ತವೆ. ಆದರೆ ಕನ್ನಡ ಬಲ್ಲವರು ‘ಮಾಡಬೇಡ’ ಎಂಬುದರಿಂದ ತೊಡಗುವುದೇ ಲೇಸು ಎಂದು ನಾನು ದೃಢವಾಗಿ ನಂಬುತ್ತೇನೆ, ಏಕೆಂದರೆ ಅಲ್ಲಿನ ಪದಕ್ರಮ ನಮ್ಮದಕ್ಕೆ ತೀರ ಹತ್ತಿರದ್ದು. (ಇಲ್ಲಿ ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ ಬರೆದಿದೆ.)

ಮೊದಲು ಕ್ರಿಯಾಪದದ ಎರಡು ರೂಪಗಳನ್ನು ಸಿದ್ಧಮಾಡಿಕೊಳ್ಳಿ. ‘ಮಾಡು’ ಎನ್ನಲು ವರ್ತಮಾನ ಕಾಲದ ‘ಅವನು’ ರೂಪವೇ ಸಾಕು: ‘ಕೋಂಪ್ರ’ ಎಂದರೆ ‘ಕೊಂಡುಕೊಳ್ಳುತ್ತಾನೆ’, ‘ಕೊಂಡುಕೋ’ ಎರಡೂ ಹೌದು. ಎಂಟು ಕ್ರಿಯಾಪದಗಳು ಮಾತ್ರ ಈ ನಿಯಮಕ್ಕೆ ಹೊರಗು: ದೀ (ಹೇಳು), ಆಸ್ (ಮಾಡು), ಪೋನ್ (ಇಡು), ಬೇನ್ (ಬಾ), ಬೇ (ಹೋಗು), ಸಾಲ್ (ಹೊರಡು), ತೇನ್ (ಹಿಡಿ), ಸೇ (ಆಗಿರು). ‘ಬೇಡ’ ಎನ್ನುವಾಗ ಕ್ರಿಯಾಪದದ ಕೊನೆಯ ಸ್ವರ ಅದಲುಬದಲಾಗಿ, ಹಿಂದೆ ‘ಸ್’ ಸೇರುತ್ತದೆ: ಕೋಂಪ್ರ, ನೋ ಕೋಂಪ್ರೆಸ್; ಎಸ್ಕ್ರೀಬೆ (ಬರೆ), ನೋ ಎಸ್ಕ್ರೀಬಸ್. ದೀ, ಆಸ್, ಪೋನ್‌ಗಳು ಇಲ್ಲಿ ದೀಗಸ್, ಆಗಸ್, ಪೋಂಗಸ್ ಆಗುತ್ತವೆ.

ಎರಡನೆಯ ಹಂತದಲ್ಲಿ ನಿಷೇಧ ವಾಕ್ಯಕ್ಕೆ ಸರ್ವನಾಮ ಸೇರಿಸಿ. ‘ನೋ ಮೆ ಲೊ ದೇಸ್’ ಎಂಬುದನ್ನು ಬಿಡಿಸಿ ನೋಡಿದರೆ ‘ಮೆ’ ಎಂದರೆ ನನಗೆ, ‘ಲೊ’ ಎಂದರೆ ಅದನ್ನು, ‘ದೇಸ್’ ಎಂಬುದು ಕೊಡುವ ಕ್ರಿಯೆ. ಮುಂದೆ ನಿಂತ ‘ನೋ’ ಒಂದನ್ನು ಬಿಟ್ಟರೆ ಉಳಿದದ್ದು ‘ನನಗೆ ಅದನ್ನು ಕೊಡಬೇಡ’ ಎಂಬ ನಮ್ಮ ಕ್ರಮವೇ: ಚತುರ್ಥಿ ಮೊದಲು, ದ್ವಿತೀಯೆ ಅನಂತರ, ಕ್ರಿಯಾಪದ ಕೊನೆಗೆ. ಸರ್ವನಾಮಗಳನ್ನು ಇಲ್ಲಿ ಬಿಡಿಬಿಡಿಯಾಗಿಯೇ ಬರೆಯಬೇಕು.

ಅದೇ ಜೋಡಿಯನ್ನು, ಒಳಗಿನ ಕ್ರಮ ಕೆಡಿಸದೆ, ಕ್ರಿಯಾಪದದ ಹಿಂದಕ್ಕೆ ಸಾಗಿಸಿ ಒಂದೇ ಪದವಾಗಿ ಅಂಟಿಸುವುದು ಮೂರನೆಯ ಹಂತ. ದಾ, ದಾಮೆ, ದಾಮೆಲೊ: ಕೊಡು, ನನಗೆ ಕೊಡು, ನನಗೆ ಅದನ್ನು ಕೊಡು. ಹಾಗೆಯೇ ‘ನೋ ಲೊ ಆಗಸ್’ (ಅದನ್ನು ಮಾಡಬೇಡ) ಎಂಬುದಕ್ಕೆ ಎದುರಾಗಿ ‘ಆಸ್ಲೊ’ (ಅದನ್ನು ಮಾಡು).

ನಮ್ಮವರು ಹೆಚ್ಚು ಎಡವುವುದು ಈ ಅಂಟಿಸುವ ಕೆಲಸದಲ್ಲಲ್ಲ, ಸರ್ವನಾಮವನ್ನು ಬಿಟ್ಟೇಬಿಡುವುದರಲ್ಲಿ. ಎದುರಿಗಿರುವ ಪುಸ್ತಕವನ್ನು ತೋರಿಸಿ ಕನ್ನಡದಲ್ಲಿ ‘ಕೊಡು’ ಎಂದಷ್ಟೇ ಹೇಳಿದರೆ ಸಾಕು; ಏನನ್ನು, ಯಾರಿಗೆ ಎಂಬುದು ಸಂದರ್ಭದಿಂದ ತಿಳಿಯುತ್ತದೆ. ಸ್ಪ್ಯಾನಿಷ್‌ನಲ್ಲಿ ಅದೇ ಸನ್ನಿವೇಶದಲ್ಲಿ ‘ದಾ’ ಎಂದರೆ ಮಾತು ಅರ್ಧಕ್ಕೇ ನಿಂತಂತೆ ಕೇಳಿಸುತ್ತದೆ, ‘ದಾಮೆಲೊ’ ಎನ್ನಲೇಬೇಕು. ಇದರ ಮೇಲೆ ಲಿಂಗದ ಲೆಕ್ಕವೂ ಇದೆ. ನಮಗೆ ನಿರ್ಜೀವ ವಸ್ತುವೆಲ್ಲ ‘ಅದು’. ಅಲ್ಲಿ ಪುಸ್ತಕ (ಲೀಬ್ರೊ) ಪುಲ್ಲಿಂಗವಾದ್ದರಿಂದ ‘ದಾಮೆಲೊ’, ಬೀಗದ ಕೈ (ಯಾಬೆ) ಸ್ತ್ರೀಲಿಂಗವಾದ್ದರಿಂದ ‘ದಾಮೆಲ’. ನಾಮಪದವನ್ನು ಕಲಿಯುವಾಗಲೇ ಅದರ ಲಿಂಗವನ್ನೂ ಕಲಿಯುವುದನ್ನು ಬಿಟ್ಟು ಇದಕ್ಕೆ ಬೇರೆ ದಾರಿಯಿಲ್ಲ.

‘ಅವನಿಗೆ’ ಅಥವಾ ‘ಅವಳಿಗೆ’ ಎನ್ನುವ ಪದ ‘ಲೆ’. ಆದರೆ ಅದರ ಪಕ್ಕದಲ್ಲಿ ಲೊ, ಲ, ಅಥವಾ ಅವುಗಳ ಬಹುವಚನವಾದ ಲೊಸ್, ಲಸ್‌ಗಳಲ್ಲಿ ಒಂದು ಬಂದರೆ ‘ಲೆ’ ಹೋಗಿ ‘ಸೆ’ ಬರುತ್ತದೆ: ‘ದಾಸೆಲೊ’ (ಅವನಿಗೆ ಅದನ್ನು ಕೊಡು), ‘ನೋ ಸೆ ಲೊ ದೇಸ್’ (ಕೊಡಬೇಡ). ‘ಲೆ ಲೊ’ ಕಿವಿಗೆ ಹಿತವಲ್ಲವೆಂದು ಕಾರಣ ಕೊಡುವುದುಂಟು. ನನಗೆ ಇತಿಹಾಸದ ವಿವರಣೆಯೇ ಹೆಚ್ಚು ಸಮಾಧಾನಕರ: ಮಧ್ಯಯುಗದ ಸ್ಪ್ಯಾನಿಷ್‌ನಲ್ಲಿ ಇದೇ ಜಾಗದಲ್ಲಿ ‘ಝೆ ಲೊ’ ಎಂಬ ರೂಪವಿತ್ತು, ಕಾಲಕ್ರಮದಲ್ಲಿ ಅದೇ ‘ಸೆ ಲೊ’ ಆಯಿತು.

ಕನ್ನಡದ ‘ಕೊಳ್ಳು’ ಸೇರಿದ ಎಷ್ಟೋ ಕ್ರಿಯೆಗಳಿಗೆ ಸ್ಪ್ಯಾನಿಷ್‌ನಲ್ಲಿ ‘ತೆ’ (ನಿನಗೆ, ನಿನ್ನನ್ನು) ಬರುತ್ತದೆ. ‘ಸ್ಯೇಂತತೆ’ ಎಂದರೆ ಕೂತುಕೋ. ‘ಲಾಬತೆ ಲಸ್ ಮಾನೊಸ್’ ಎಂದರೆ ಕೈ ತೊಳೆದುಕೋ. ಕೈಗಳನ್ನೂ ಸರ್ವನಾಮವಾಗಿಸಿದರೆ ‘ಲಾಬತೆಲಸ್’, ನಿಷೇಧದಲ್ಲಿ ‘ನೋ ತೆ ಲಸ್ ಲಾಬೆಸ್’.

ಬರೆಯುವಾಗ ಒತ್ತಿನ ಚಿಹ್ನೆಯನ್ನು ಮರೆಯಬಾರದು. ಸರ್ವನಾಮಗಳು ಎಷ್ಟೇ ಅಂಟಿಕೊಂಡರೂ ಒತ್ತು ಕ್ರಿಯಾಪದದ ಮೂಲ ಸ್ಥಾನದಲ್ಲಿಯೇ ಉಳಿಯುತ್ತದೆ. ಅದು ಕೊನೆಯಿಂದ ಎಣಿಸಿ ಮೂರನೆಯ ಅಥವಾ ಅದಕ್ಕೂ ಹಿಂದಿನ ಉಚ್ಚಾರಾಂಶದ ಮೇಲೆ ಬಿದ್ದರೆ ಆ ಸ್ವರದ ಮೇಲೆ ಓರೆಗೆರೆ ಕಡ್ಡಾಯ. ಹಾಗಾಗಿ ‘ದಾಮೆ’ಗೆ ಗೆರೆ ಬೇಡ, ‘ದಾಮೆಲೊ’ಗೆ ಬೇಕು, ‘ಕೋಂಪ್ರ’ಕ್ಕೆ ಬೇಡ, ‘ಕೋಂಪ್ರಲೊ’ಗೆ ಬೇಕು.

ಅರ್ಜೆಂಟೀನಾದವರೊಡನೆ ಮಾತನಾಡುವವರು ಇನ್ನೊಂದನ್ನು ತಿಳಿದಿರಬೇಕು. ಅಲ್ಲಿ ‘ತೂ’ ಬದಲು ‘ಬೋಸ್’ ಬಳಕೆಯಲ್ಲಿದ್ದು, ಒತ್ತು ಪದದ ಕೊನೆಯತ್ತ ಸರಿಯುತ್ತದೆ: ‘ಸ್ಯೇಂತತೆ’ ಅಲ್ಲಿ ‘ಸೆಂತಾತೆ’, ‘ದೀಮೆಲೊ’ (ನನಗೆ ಅದನ್ನು ಹೇಳು) ಅಲ್ಲಿ ‘ದೆಸೀಮೆಲೊ’. ಸರ್ವನಾಮಗಳ ಜಾಗ ಮಾತ್ರ ಅಲ್ಲಿಯೂ ಬದಲಾಗುವುದಿಲ್ಲ.