8ನೇ ತರಗತಿಯ ಬೀಜಗಣಿತ: ಅಕ್ಷರಕ್ಕೂ ಮೊದಲು ಸಮಚಿಹ್ನೆ

ಶಿರಸಿಯಾಗಲಿ ಕಾರವಾರವಾಗಲಿ, ಜೂನಿನಲ್ಲಿ 8ನೇ ತರಗತಿಗೆ ಬಂದು ಕೂರುವ ಮಕ್ಕಳು ಬೀಜಗಣಿತದಲ್ಲಿ ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಬೀಜಗಣಿತದ್ದಲ್ಲ, ಅಂಕಗಣಿತದಿಂದ ಹೊತ್ತು ತಂದವು. ಸಮಚಿಹ್ನೆಯ ಅರ್ಥ, ಋಣ ಚಿಹ್ನೆ ಯಾರಿಗೆ ಸೇರಿದ್ದು, ಅಕ್ಷರ ಏನನ್ನು ಸೂಚಿಸುತ್ತದೆ ಎಂಬ ಮೂರು ಗಂಟುಗಳನ್ನು ಮೊದಲ ಹತ್ತು ಪೀರಿಯಡ್‌ಗಳಲ್ಲಿ ಬಿಡಿಸಿದರೆ SSLCಯ ವರ್ಗ ಸಮೀಕರಣದವರೆಗೂ ಅದರ ಫಲ ಕಾಣುತ್ತದೆ. ಪಾಠಪುಸ್ತಕದ ಎಕ್ಸ್, ವೈ ಬದಲು ಇಲ್ಲಿ ಅ, ಬ, ಕ ಎಂದು ಬರೆದಿದ್ದೇವೆ.

ಮೊದಲ ದಿನ ಪಾಠ ಬೇಡ. ಹದಿನೈದು ನಿಮಿಷದ ಚೀಟಿ ಪರೀಕ್ಷೆ ಕೊಡಿ, ಅಂಕ ಹಾಕುವುದಿಲ್ಲ ಎಂದು ಮೊದಲೇ ಹೇಳಿ.

1. 8 + 4 = □ + 5
2. 19 − 7 + 4 = ?
3. ಅ + ಬ = 8 ಆದರೆ ಅ + ಬ + ಕ = ?
4. 2ಅ, ಅ + 2: ಇವೆರಡರಲ್ಲಿ ಯಾವುದು ದೊಡ್ಡದು?
5. ಒಂದು ತೋಟದಲ್ಲಿ ಪ್ರತಿ ತೆಂಗಿನ ಮರಕ್ಕೆ 20 ಅಡಿಕೆ ಮರಗಳಿವೆ. ತೆಂಗಿನ ಮರಗಳ ಸಂಖ್ಯೆ ಅ, ಅಡಿಕೆ ಮರಗಳ ಸಂಖ್ಯೆ ಬ. ಸಮೀಕರಣ ಬರೆಯಿರಿ.

ಎಷ್ಟು ಮಂದಿ ಸರಿ ಬರೆದರು ಎಂದು ಎಣಿಸುವುದಕ್ಕಿಂತ ತಪ್ಪು ಉತ್ತರಗಳನ್ನು ಗುಂಪು ಮಾಡಿ ನೋಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾವ ತಪ್ಪು ಎಂಬುದೇ ಯಾವ ಗಂಟು ಎಂದು ತೋರಿಸುತ್ತದೆ.

ಮೊದಲ ಪ್ರಶ್ನೆಗೆ 12 ಎಂದು ಬರೆದ ಮಗು ಸಮಚಿಹ್ನೆಯನ್ನು 'ಈಗ ಉತ್ತರ ಬರೆ' ಎಂಬ ಆಜ್ಞೆಯಾಗಿ ಓದಿದೆ. 17 ಎಂದು ಬರೆದ ಮಗು ಕಂಡ ಸಂಖ್ಯೆಗಳನ್ನೆಲ್ಲ ಕೂಡಿದೆ. ಅಮೆರಿಕದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಲೆಕ್ಕ ಮಾಡಿದ 6ನೇ ತರಗತಿಯ 145 ಮಕ್ಕಳೂ 12 ಅಥವಾ 17 ಎಂದೇ ಉತ್ತರಿಸಿದ್ದರು. ಹಾಗಾಗಿ ನಿಮ್ಮ ತರಗತಿಯ ಅರ್ಧದಷ್ಟು ಮಕ್ಕಳು ತಪ್ಪು ಬರೆದರೂ ಅವರನ್ನು ದಡ್ಡರೆಂದು ಎಣಿಸಬೇಡಿ. ಏಳು ವರ್ಷ ಅವರು ನೋಡಿದ್ದೆಲ್ಲ ಎಡಕ್ಕೆ ಲೆಕ್ಕ, ಬಲಕ್ಕೆ ಒಂದೇ ಸಂಖ್ಯೆ ಇರುವ ಸಾಲುಗಳನ್ನು. ನೋಟ್‌ಬುಕ್ಕಿನಲ್ಲಿ 5 × 4 = 20 + 3 = 23 ಎಂಬಂಥ ಸಾಲು ಕಂಡರೆ ಅದೂ ಇದೇ ರೋಗದ ಲಕ್ಷಣ.

ಇದಕ್ಕೆ ಮದ್ದು ದಿನಕ್ಕೆ ಐದು ನಿಮಿಷದಂತೆ ಎರಡು ವಾರ. ಬೋರ್ಡಿನ ಮೇಲೆ ಒಂದೊಂದೇ ಸಾಲು ಬರೆದು ಸರಿಯೋ ತಪ್ಪೋ ಕೇಳಿ: 9 = 4 + 5. 7 = 7. 4 + 5 = 6 + 3. ಕೆಲವು ಮಕ್ಕಳು '7 = 7 ತಪ್ಪು, ಲೆಕ್ಕವೇ ಇಲ್ಲವಲ್ಲ' ಎನ್ನುತ್ತಾರೆ. ಆ ವಾದವನ್ನು ಅರ್ಧಕ್ಕೆ ತಡೆಯಬೇಡಿ. ಮೂರನೆಯ ದಿನದಿಂದ ಕೂಡದೆಯೇ ಹೇಳಬೇಕಾದ ಸಾಲು ಕೊಡಿ: 37 + 28 = 38 + 27 ಸರಿಯೇ? 67 + 49 = □ + 50 ಆದರೆ ಚೌಕದಲ್ಲಿ ಎಷ್ಟು? '49ಕ್ಕೆ ಒಂದು ಹೆಚ್ಚಾಯ್ತು, ಹಾಗಾದರೆ 67ಕ್ಕೆ ಒಂದು ಕಡಿಮೆಯಾಗ್ಬೇಕು' ಎಂದು ಮಗು ಹೇಳಿತೆಂದರೆ ಅಲ್ಲಿಂದ ಬೀಜಗಣಿತ ಶುರುವಾಯಿತು. ನೀವೂ 'ಎಷ್ಟು ಬಂತು?' ಎನ್ನುವ ಬದಲು 'ಎರಡೂ ಕಡೆ ಒಂದೇ ಬೆಲೆಯೇ?' ಎಂದು ಕೇಳುವ ರೂಢಿ ಮಾಡಿಕೊಳ್ಳಿ.

ಎರಡನೆಯ ಪ್ರಶ್ನೆಗೆ 8 ಎಂದು ಬರೆದವರು 7 + 4 ಅನ್ನು ಮೊದಲು ಕೂಡಿ 19ರಿಂದ ಕಳೆದಿದ್ದಾರೆ. ಮುಂದೆ 19 − 7ಅ + 4ಅ ಬಂದಾಗ 19 − 11ಅ ಎಂದು ಬರೆಯುವವರೂ ಇವರೇ. ಇಲ್ಲಿ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ರಾಖಿ ಬ್ಯಾನರ್ಜಿ ಮತ್ತು ಕೆ. ಸುಬ್ರಮಣ್ಯಂ ಅವರು 6ನೇ ತರಗತಿಯ ಮಕ್ಕಳೊಂದಿಗೆ ರೂಪಿಸಿದ ಕ್ರಮ ತುಂಬ ಕೆಲಸಕ್ಕೆ ಬರುತ್ತದೆ. 'ಪದ' ಎಂಬ ಮಾತನ್ನು ಬೀಜೋಕ್ತಿಗೆಂದು (ಅಕ್ಷರವಿರುವ ಲೆಕ್ಕಕ್ಕೆಂದು) ಕಾಯ್ದಿರಿಸದೆ ಬರೀ ಸಂಖ್ಯೆಗಳಲ್ಲೇ ಕಲಿಸುವುದು ಅದರ ತಿರುಳು. ಚಿಹ್ನೆಯ ಸಮೇತ ಪದಕ್ಕೆ ಡಬ್ಬಿ ಹಾಕಿಸಿ: [+19] [−7] [+4]. ಡಬ್ಬಿಗಳನ್ನು ಹೇಗೆ ಬೇಕಾದರೂ ಅದಲುಬದಲು ಮಾಡಬಹುದು, ಆದರೆ ಚಿಹ್ನೆ ಡಬ್ಬಿಯೊಳಗೇ ಇರಬೇಕು. ಗುಣಾಕಾರವಿದ್ದರೆ ಅದಷ್ಟೂ ಒಂದೇ ಡಬ್ಬಿ: 5 + 3 × 2 ಎಂದರೆ [+5] [+3 × 2], ಬೆಲೆ 11. 5 ಮತ್ತು 3 ಕೂಡಿ 16 ಮಾಡಿದರೆ ಡಬ್ಬಿ ಒಡೆದಂತೆ. ಇದು ಗಟ್ಟಿಯಾದ ಮೇಲೆ 2ರ ಜಾಗಕ್ಕೆ ಅ ಹಾಕಿ, [+5] [+3 × ಅ]. 5 + 3ಅ = 8ಅ ಎಂಬ ಹಳೆಯ ತಪ್ಪು ಏಕೆ ತಪ್ಪೆಂದು ಮಗುವೇ ಹೇಳುತ್ತದೆ. 'ವಿಜಾತಿ ಪದ ಕೂಡಬಾರದು' ಎಂಬ ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನು ಅಕ್ಷರ. ಮೂರನೆಯ ಪ್ರಶ್ನೆ 1970ರ ದಶಕದಲ್ಲಿ ಇಂಗ್ಲೆಂಡಿನ ಸಾವಿರಾರು ಮಕ್ಕಳಿಗೆ ಕೊಟ್ಟ ಪ್ರಶ್ನೆಯದೇ ಮಾದರಿ. 8 + ಕ ಎಂಬ ಉತ್ತರವನ್ನು 'ಮುಗಿಯದ ಲೆಕ್ಕ' ಎಂದು ಅನುಮಾನಿಸಿ ಹಲವರು 12 ಎಂದು ಬರೆದಿದ್ದರು: ಮೂರಕ್ಕೂ ನಾಲ್ಕು ನಾಲ್ಕು ಹಂಚಿ. ಕೆಲವರು 8ಕ ಎಂದು ಅಂಟಿಸಿದ್ದರು. ನಾಲ್ಕನೆಯ ಪ್ರಶ್ನೆಗೆ ಪಟ್ಟಿ ಮಾಡಿಸಿದರೆ ಸಾಕು: ಅ = 1, 2, 3, 10 ಇಟ್ಟು ನೋಡಲಿ. 1ಕ್ಕೆ ಅ + 2 ದೊಡ್ಡದು, 2ಕ್ಕೆ ಎರಡೂ ಸಮ, ಆಮೇಲೆ 2ಅ ದೊಡ್ಡದು. ಅಕ್ಷರದ ಬೆಲೆ ಬದಲಾಗಬಹುದು ಎಂಬುದು ಆ ಪಟ್ಟಿಯಲ್ಲೇ ಕಣ್ಣಿಗೆ ಬೀಳುತ್ತದೆ.

ಒಂದು ಅಭ್ಯಾಸವನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. 'ಬ ಎಂದರೆ ಬಂಗುಡೆ, 3ಬ ಎಂದರೆ ಮೂರು ಬಂಗುಡೆ' ಎನ್ನುವುದು ಕೂಡುವಾಗ ಸುಲಭವೆನಿಸುತ್ತದೆ, ಆದರೆ ಬ × ಬ ಬಂದಾಗ ಬಂಗುಡೆಯನ್ನು ಬಂಗುಡೆಯಿಂದ ಗುಣಿಸುವುದು ಹೇಗೆ? ಅಕ್ಷರ ವಸ್ತುವಿನ ಹೆಸರಲ್ಲ, ಸಂಖ್ಯೆ: ಬಂಗುಡೆ ಎಷ್ಟು, ತೂಕ ಎಷ್ಟು, ದರ ಎಷ್ಟು. ನಮ್ಮ ಹಳಬರಿಗೆ ಇದು ಗೊತ್ತಿತ್ತು. 12ನೇ ಶತಮಾನದ ಭಾಸ್ಕರಾಚಾರ್ಯರು ತಿಳಿಯದ ಮೊದಲ ರಾಶಿಗೆ ಯಾವತ್ತಾವತ್ ಎಂದರು, ಅಂದರೆ 'ಎಷ್ಟೋ ಅಷ್ಟು'. ಉಳಿದವಕ್ಕೆ ಕಾಲಕ, ನೀಲಕ ಎಂದು ಬಣ್ಣದ ಹೆಸರಿಟ್ಟು ಕಾ, ನೀ ಎಂದು ಬರೆದರು. ಬಣ್ಣಕ್ಕೂ ಎಣಿಸುವ ವಸ್ತುವಿಗೂ ಸಂಬಂಧವಿಲ್ಲ.

ಐದನೆಯ ಪ್ರಶ್ನೆಯಲ್ಲಿ ಅ = 20ಬ ಎಂದು ತಿರುವುಮುರುವಾಗಿ ಬರೆಯುವುದೂ ಇದೇ ಕಾರಣಕ್ಕೆ: ಮಗು ಅಕ್ಷರವನ್ನು 'ಮರ' ಎಂದು ಓದಿ 'ಒಂದು ತೆಂಗಿಗೆ 20 ಅಡಿಕೆ' ಎಂದು ವಾಕ್ಯವನ್ನೇ ಇಳಿಸಿಬಿಟ್ಟಿದೆ. 'ಒಬ್ಬ ಪ್ರಾಧ್ಯಾಪಕರಿಗೆ ಆರು ವಿದ್ಯಾರ್ಥಿಗಳು' ಎಂಬ ಇಂಥದೇ ಪ್ರಶ್ನೆಯಲ್ಲಿ ಅಮೆರಿಕದ ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲೂ ಶೇ. 37 ಮಂದಿ ತಪ್ಪಿದ್ದರು. ಪರಿಹಾರ ಒಂದೇ, ಬರೆದ ಮೇಲೆ ಸಂಖ್ಯೆ ಹಾಕಿ ನೋಡುವುದು. ತೆಂಗು 5 ಆದರೆ ಅಡಿಕೆ 100. 5 = 20 × 100 ಆಗುತ್ತದೆಯೇ? ಇಲ್ಲ. ಹಾಗಾದರೆ ಬ = 20ಅ.

ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ವಾಕ್ಯ ಲೆಕ್ಕವನ್ನು ಮೊದಲು ಕನ್ನಡದಲ್ಲೋ ಮನೆಯ ಕೊಂಕಣಿಯಲ್ಲೋ ಹೇಳಿಸಿ. 'ಒಂದು ಸಂಖ್ಯೆಗಿಂತ 5 ಕಡಿಮೆ' ಎಂಬಲ್ಲಿ ಕನ್ನಡದ ಪದಕ್ರಮವೇ ಅ − 5ರ ಕ್ರಮ. ಇಂಗ್ಲಿಷಿನಲ್ಲಿ 5 ಮೊದಲು ಬರುವುದರಿಂದ ಮಕ್ಕಳು 5 − ಅ ಎಂದು ಬರೆಯುತ್ತಾರೆ. ಕನ್ನಡದಲ್ಲೂ ಎಡವುವ ಜಾಗವಿದೆ: 'ಆರು ಪಟ್ಟು' ಮತ್ತು 'ಆರು ಹೆಚ್ಚು'. ಇವೆರಡನ್ನು ಜೋಡಿಯಾಗಿಯೇ ಕೊಡಿ.

ಸಮೀಕರಣ ಬಿಡಿಸುವುದಕ್ಕೆ ತಕ್ಕಡಿ ಮಾಡಿ. ಒಂದು ಹ್ಯಾಂಗರ್, ಎರಡು ಗರಟೆ, ನಾಲ್ಕು ಬೆಂಕಿಪೊಟ್ಟಣ, ಹಾರ್ಡ್‌ವೇರ್ ಅಂಗಡಿಯ ಒಂದೇ ಅಳತೆಯ 25 ನಟ್ ಸಾಕು. ನಟ್ ಬದಲು ಶಿರಸಿ ಕಡೆ ಕೈಗೆ ಸಿಗುವುದು ಅಡಿಕೆ, ಕಾರವಾರ ಕಡೆ ಚಿಪ್ಪು, ಆದರೆ ಒಂದೊಂದರ ತೂಕ ಒಂದೊಂದು ಬಗೆ ಇರುವುದರಿಂದ ತಕ್ಕಡಿ ವಾಲುತ್ತದೆ. ಹಗುರವಾದ ಗರಟೆಗೆ ಮೇಣ ಮೆತ್ತಿ ಮೊದಲು ಸಮ ಮಾಡಿ. ಎರಡು ಪೊಟ್ಟಣಗಳಲ್ಲಿ ಗುಟ್ಟಾಗಿ ನಾಲ್ಕು ನಾಲ್ಕು ನಟ್ ತುಂಬಿ ಎಡಕ್ಕಿಡಿ, ಜೊತೆಗೆ ಬಿಡಿ ನಟ್ 3. ಬಲಕ್ಕೆ 11 ನಟ್ ಮತ್ತು ಎರಡು ಖಾಲಿ ಪೊಟ್ಟಣ. ಖಾಲಿ ಪೊಟ್ಟಣ ಮರೆತರೆ ಪೊಟ್ಟಣದ ತೂಕವೇ ಲೆಕ್ಕ ಕೆಡಿಸುತ್ತದೆ. ಈಗ 2ಅ + 3 = 11. ಎರಡೂ ಕಡೆಯಿಂದ 3 ತೆಗೆಸಿ, ಉಳಿದದ್ದನ್ನು ಅರ್ಧ ಮಾಡಿಸಿ, ಪ್ರತಿ ಹೆಜ್ಜೆಯನ್ನೂ ಬೋರ್ಡಿನಲ್ಲಿ ಬರೆಸಿ. ಎರಡು ಪೀರಿಯಡ್ ಆದ ಮೇಲೆ ತಕ್ಕಡಿ ಎತ್ತಿಡಿ. ಋಣ ಸಂಖ್ಯೆಯನ್ನು ಅದು ತೂಗಲಾರದು, ಎಳೆದಾಡಿದರೆ ಗೊಂದಲವೇ ಹೆಚ್ಚು.

ಪಕ್ಷಾಂತರ ತಡವಾಗಿ ಬರಲಿ. 'ಆಚೆ ಹೋದರೆ ಚಿಹ್ನೆ ಬದಲು' ಎಂದು ಮೊದಲೇ ಹೇಳಿದರೆ 3ಅ = 12 ಎಂಬಲ್ಲಿ 12 − 3 = 9 ಎಂದು ಬರೆಯುತ್ತಾರೆ. 5ಅ − 4 = 2ಅ + 8ರಂತೆ ಎರಡೂ ಬದಿಯಲ್ಲಿ ಅಕ್ಷರ ಬಂದಾಗ ಬಲಬದಿಯ ಸಂಖ್ಯೆಯಿಂದ ಹಿಂದಕ್ಕೆ ಬರುವ ಹಿಮ್ಮುಖ ಲೆಕ್ಕದ ಉಪಾಯ ನಡೆಯುವುದಿಲ್ಲ, ಆದ್ದರಿಂದ ಅದಕ್ಕೆ ಪ್ರತ್ಯೇಕ ಮೂರು ಪೀರಿಯಡ್ ಇಡಿ. 'ಎರಡೂ ಕಡೆ 2ಅ ಕಳೆ, ಎರಡೂ ಕಡೆ 4 ಕೂಡು' ಎಂಬ ಸಾಲನ್ನು ತಿಂಗಳ ಕಾಲ ಪೂರ್ತಿ ಬರೆಸಿ. ಅ = 4 ಬಂದರೆ ಎರಡೂ ಕಡೆ 16 ಬರುತ್ತದೆಯೇ ಎಂದು ನೋಡಿದ ಮೇಲೆಯೇ ಸರಿ ಗುರುತು ಹಾಕಿ.

ಅಭ್ಯಾಸಕ್ಕೆ ಒಂದೇ ಬಗೆಯ ಇಪ್ಪತ್ತು ಲೆಕ್ಕ ಬೇಡ. ಬಿಡಿಸಿದ್ದೊಂದು, ಅದರ ಪಕ್ಕ ಅದೇ ಬಗೆಯ ಬಿಡಿಸಬೇಕಾದದ್ದೊಂದು, ಹೀಗೆ ಜೋಡಿಯಾಗಿ ಕೊಡಿ. ಸಂಶೋಧಕರಾದ ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲಿ ಬೀಜಗಣಿತದಲ್ಲೇ ಇದರ ಲಾಭ ತೋರಿಸಿದರು. ನಡುವೆ ಬೇಕೆಂದೇ ತಪ್ಪಾಗಿ ಬಿಡಿಸಿದ್ದೊಂದು ಇರಲಿ: 5 − 2(ಅ − 3) = 1, ಮುಂದಿನ ಸಾಲು 5 − 2ಅ − 6 = 1. ತಪ್ಪು ಎಲ್ಲಿ, ಏಕೆ ಎಂದು ಮಕ್ಕಳು ಮಾತಿನಲ್ಲಿ ಬರೆಯಲಿ. [−2(ಅ − 3)] ಎಂಬ ಡಬ್ಬಿಯಲ್ಲಿ −2, −3ನ್ನೂ ಗುಣಿಸಿ +6 ಆಗಬೇಕಿತ್ತು, ಉತ್ತರ ಅ = 5.

ಮನೆಗೆಲಸ ಹತ್ತು ಲೆಕ್ಕವಾದರೆ ನಾಲ್ಕು ಇವತ್ತಿನವು, ಆರು ಹಳೆಯವು, ಕಲಸಿ. ಫ್ಲಾರಿಡಾದ 7ನೇ ತರಗತಿಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಲಸಿ ಅಭ್ಯಾಸ ಮಾಡಿದವರು ತಿಂಗಳ ನಂತರದ ಪರೀಕ್ಷೆಯಲ್ಲಿ ಶೇ. 74, ಒಂದೊಂದೇ ಬಗೆ ಮಾಡಿದವರು ಶೇ. 42 ಅಂಕ ಪಡೆದರು. ಕಲಸಿದ ಲೆಕ್ಕ ಮೊದಮೊದಲು ನಿಧಾನ, ತಪ್ಪೂ ಹೆಚ್ಚು, ಪಾಲಕರು ಕೇಳಿದರೆ ಇದನ್ನು ವಿವರಿಸಿ.

ದಸರಾ ರಜೆ ಮುಗಿದ ಮೊದಲ ಪೀರಿಯಡ್‌ನಲ್ಲಿ ಜೂನಿನ ಚೀಟಿಯನ್ನೇ ಸಂಖ್ಯೆ ಬದಲಿಸಿ ಮತ್ತೆ ಕೊಡಿ: 7 + 6 = □ + 4, 23 − 9 + 5. ಹಳೆಯ ಚೀಟಿಯ ಪಕ್ಕ ಇಟ್ಟು ನೋಡಿ, ಗಂಟು ಉಳಿದ ಮಕ್ಕಳಿಗೆ ಮಾತ್ರ ಡಬ್ಬಿಯಿಂದ ಮತ್ತೆ ಶುರು ಮಾಡಿ.