ವೇಲ್ಸ್ ರಗ್ಬಿ ಆಟಗಾರನ ದಾಖಲೆ ಓದುವ ಕ್ರಮ

ಮೊದಲು ಕ್ಯಾಪ್ ನೋಡಿ. ಟೆಸ್ಟ್ ಪಂದ್ಯದಲ್ಲಿ, ಅಂದರೆ ರಗ್ಬಿಯ ಅಂತರರಾಷ್ಟ್ರೀಯ ಪಂದ್ಯದಲ್ಲಿ, ಅಂಗಳಕ್ಕಿಳಿದರೆ ಒಂದು ಕ್ಯಾಪ್; ಕೊನೆಯ ಎರಡು ನಿಮಿಷಕ್ಕೆ ಬದಲಿಯಾಗಿ ಬಂದರೂ ಅಷ್ಟೇ. ಬೆಂಚಿನಲ್ಲೇ ಕೂತಿದ್ದರೆ ಇಲ್ಲ. ಹಾಗಾಗಿ ಆರಂಭದಿಂದ ಆಡಿದ್ದು, ಬದಲಿಯಾಗಿ ಬಂದದ್ದು ಎಂದು ಬೇರೆ ಬೇರೆ ಬರೆದುಕೊಳ್ಳಿ. ಗ್ಯಾರೆತ್ ಎಡ್ವರ್ಡ್ಸ್ 1967ರಿಂದ 1978ರವರೆಗೆ ಒಂದೂ ತಪ್ಪದೆ ಸತತ 53 ಟೆಸ್ಟ್ ಆಡಿದರು. ಆಗ ವರ್ಷಕ್ಕೆ ಸಿಗುತ್ತಿದ್ದ ಟೆಸ್ಟ್‌ಗಳೇ ಬೆರಳೆಣಿಕೆಯಷ್ಟು. ಅದನ್ನು ಇಂದಿನವರ ನೂರರ ಪಕ್ಕದಲ್ಲಿಟ್ಟು ಚಿಕ್ಕದು ಎನ್ನುವುದು ಅನ್ಯಾಯ.

ಯಾವ ಪಂದ್ಯಕ್ಕೆ ಕ್ಯಾಪ್ ಎಂಬುದು ಆಯಾ ದೇಶದ ರಗ್ಬಿ ಒಕ್ಕೂಟದ ತೀರ್ಮಾನ. 1976ರಲ್ಲಿ ಕಾರ್ಡಿಫ್‌ನಲ್ಲಿ ಅರ್ಜೆಂಟೀನಾ ಎದುರು 20-19ರಿಂದ ಗೆದ್ದ ಪಂದ್ಯಕ್ಕೆ ವೇಲ್ಸ್ ಕ್ಯಾಪ್ ಕೊಡಲಿಲ್ಲ. ಪಂದ್ಯಗಳ ಪಟ್ಟಿಗೂ ಕ್ಯಾಪ್ ಸಂಖ್ಯೆಗೂ ತಾಳೆಯಾಗದಿದ್ದರೆ ಇಂಥದ್ದೊಂದನ್ನು ಹುಡುಕಿ.

ಲಯನ್ಸ್ ಟೆಸ್ಟ್‌ಗಳು ವೇಲ್ಸ್ ಲೆಕ್ಕಕ್ಕೆ ಸೇರುವುದಿಲ್ಲ; ಲಯನ್ಸ್ ಎಂದರೆ ಬ್ರಿಟನ್ ಮತ್ತು ಐರ್ಲೆಂಡ್ ಆಟಗಾರರ ಜಂಟಿ ತಂಡ. ಅಲಿನ್ ವಿನ್ ಜೋನ್ಸ್ ಹೆಸರಿನ ಮುಂದೆ ಒಂದು ಕಡೆ 158, ಇನ್ನೊಂದು ಕಡೆ 170 ಕಂಡರೆ ಎರಡೂ ಸರಿ; ನಡುವಿನ 12 ಲಯನ್ಸ್‌ನವು.

ಹೆಚ್ಚಿನವರು ಎಡವುವುದು ಅಂಕಗಳಲ್ಲಿ. ಟ್ರೈಗೆ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತುವುದಕ್ಕೆ) 1971ರವರೆಗೆ 3 ಅಂಕ, ಆಮೇಲೆ 4, 1992ರಿಂದ 5. ನೀಲ್ ಜೆಂಕಿನ್ಸ್ ವೇಲ್ಸ್ ಪರ ಗಳಿಸಿದ್ದು 1049. ಕೂಡಿ ನೋಡಿ (ಕನ್ವರ್ಷನ್, ಪೆನಾಲ್ಟಿ, ಡ್ರಾಪ್ ಗೋಲ್ ಮೂರೂ ಚೆಂಡನ್ನು ಗೋಲಿಗೆ ಒದ್ದು ಗಳಿಸುವವು; ಮೊದಲನೆಯದಕ್ಕೆ 2 ಅಂಕ, ಉಳಿದೆರಡಕ್ಕೆ 3): 130 ಕನ್ವರ್ಷನ್‌ಗೆ 260, 235 ಪೆನಾಲ್ಟಿಗೆ 705, 10 ಡ್ರಾಪ್ ಗೋಲ್‌ಗೆ 30. ಉಳಿದ 11 ಟ್ರೈಗೆ ಐದರಂತೆ 55 ಹಿಡಿದರೆ 1050 ಆಗಿಬಿಡುತ್ತದೆ. ಆ ಒಂದು ಅಂಕ ಹೆಚ್ಚಾದದ್ದು ಯಾಕೆಂದರೆ ಒಂದು ಟ್ರೈ 1991ರದ್ದು, ಅದರ ಬೆಲೆ ನಾಲ್ಕೇ. ಆದ್ದರಿಂದ ಮೊತ್ತ ಕೂಡುವ ಮೊದಲು ಪ್ರತಿ ಟ್ರೈ ಮುಂದೆ ಇಸವಿ ಬರೆಯಿರಿ. ಬೇರೆ ಬೇರೆ ಕಾಲದ, ಅಂಗಳದ ಅಂಚಿನಲ್ಲಿ ಓಡಿ ಟ್ರೈ ಗಳಿಸುವ ವಿಂಗರ್‌ಗಳನ್ನು ಹೋಲಿಸುವಾಗಲಂತೂ ಅಂಕ ಬಿಟ್ಟು ಟ್ರೈಗಳನ್ನೇ ಎಣಿಸಿ: ಶೇನ್ ವಿಲಿಯಮ್ಸ್, ವೇಲ್ಸ್ ಪರ 87 ಟೆಸ್ಟ್‌ಗೆ 58.

ಕೊನೆಗೆ ಖಾಲಿ ವರ್ಷಗಳು. ಗಾಯ ಎಂದು ತಟ್ಟನೆ ತೀರ್ಮಾನಿಸಬೇಡಿ; ಆತ ಆಗ ಯಾವ ಕ್ಲಬ್‌ನಲ್ಲಿದ್ದ ನೋಡಿ. 2017ರಲ್ಲಿ ಬಂದ ನಿಯಮದಂತೆ, ವೇಲ್ಸ್ ಹೊರಗಿನ ಕ್ಲಬ್ ಸೇರಿದವನಿಗೆ 60 ಕ್ಯಾಪ್ ಇಲ್ಲದಿದ್ದರೆ ಸಾಮಾನ್ಯವಾಗಿ ತಂಡದ ಬಾಗಿಲು ಮುಚ್ಚುತ್ತಿತ್ತು. 2023ರಲ್ಲಿ ಅದು 25ಕ್ಕೆ ಇಳಿಯಿತು. ಲಯನ್ಸ್ ಪ್ರವಾಸದ ಬೇಸಿಗೆಗಳನ್ನೂ ಗುರುತು ಹಾಕಿಕೊಳ್ಳಿ: 2009, 2013, 2017. ಆ ಪ್ರವಾಸಕ್ಕೆ ಹೋದವನ ವೇಲ್ಸ್ ಸಾಲು ಆ ತಿಂಗಳುಗಳಲ್ಲಿ ಖಾಲಿ ಕಂಡರೆ, ಅದು ಕೈಬಿಟ್ಟದ್ದಲ್ಲ.