ಸೊಸೈಟಿಯ ಲೆಕ್ಕ ಕಂಪ್ಯೂಟರಿನಲ್ಲಿದೆ, ಕಾಯುವುದು ಹೇಗೆ?

ಶಿರಸಿ ಸುತ್ತಿನ ಹಳ್ಳಿಗಳ ಸಹಕಾರಿ ಸಂಘಗಳಲ್ಲಿ ಹಳೆಯ ಲೆಡ್ಜರುಗಳು ಇನ್ನೂ ಕಪಾಟಿನಲ್ಲಿವೆ. ಆದರೆ ನಿಮ್ಮ ಶೇರು, ಬೆಳೆಸಾಲ, ಠೇವಣಿ, ಚಾಲಿ ಅಡಿಕೆ ಮಾರಿದ ದುಡ್ಡು, ಇವೆಲ್ಲದರ ಲೆಕ್ಕ ಈಗ ಇರುವುದು ಕಂಪ್ಯೂಟರಿನಲ್ಲಿ. ಹಳ್ಳಿಯ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ವ್ಯವಸ್ಥೆ ಕೊಡುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆಗಿನ ಗುರಿ 63 ಸಾವಿರ ಸಂಘಗಳು. ಇಂಥ ಸಂಘಗಳ ಕಂಪ್ಯೂಟರ್ ಕೆಲಸಕ್ಕೆ ನಾನು ಹೋಗುತ್ತಿರುತ್ತೇನೆ. ಸಿಬ್ಬಂದಿ ಮತ್ತು ಆಡಳಿತ ಮಂಡಳಿಯವರು ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ಹೇಳುತ್ತೇನೆ. ಸದಸ್ಯರೂ ಓದಿ. ಮುಂದಿನ ಸಭೆಯಲ್ಲಿ ಕೇಳಲು ಬೇಕಾಗುತ್ತದೆ.

ಮೊದಲು ಲೆಕ್ಕವನ್ನು ಡೇಟಾಬೇಸ್‌ಗೆ ತನ್ನಿ

ಡೇಟಾಬೇಸ್ ಅಂದರೆ ಲೆಕ್ಕವನ್ನು ಒಂದಕ್ಕೊಂದು ಜೋಡಿಸಿದ ಪಟ್ಟಿಗಳಲ್ಲಿ ಇಡುವ ವ್ಯವಸ್ಥೆ. ಕೆಲವು ಕಡೆ ಇನ್ನೂ ಎಕ್ಸೆಲ್ ಹಾಳೆಯಲ್ಲೇ ಲೆಕ್ಕ ನಡೆಯುತ್ತಿದೆ. ಅದನ್ನು ಯಾರು ಬೇಕಾದರೂ ತಿದ್ದಬಹುದು, ಯಾರು ತಿದ್ದಿದ್ದು ಅಂತ ಆಮೇಲೆ ಹುಡುಕುವುದು ಕಷ್ಟ. ಡೇಟಾಬೇಸ್‌ನಲ್ಲಿ ಸದಸ್ಯರದ್ದು ಒಂದು ಪಟ್ಟಿ, ಸಾಲದ್ದು ಒಂದು, ಅಡಿಕೆ ವಿಕ್ರಿಯದ್ದು ಇನ್ನೊಂದು. ಮೂರನ್ನೂ ಜೋಡಿಸುವುದು ಸದಸ್ಯ ಸಂಖ್ಯೆ. ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂರು ನಾಲ್ಕು ಹೆಗಡೆಯವರು ಇರುತ್ತಾರೆ, ಅಲ್ವಾ? ಹೆಸರು ನೋಡಿ ಜಮೆ ಮಾಡಿದರೆ ಒಬ್ಬರ ದುಡ್ಡು ಇನ್ನೊಬ್ಬರ ಖಾತೆಗೆ ಹೋಗುತ್ತದೆ.

ಇನ್ನೊಂದು ಗುಣ ನಮ್ಮ ಮಳೆಗಾಲಕ್ಕೆ ಬಹಳ ಬೇಕು. ಅಡಿಕೆ ದುಡ್ಡಿನಲ್ಲಿ 40 ಸಾವಿರವನ್ನು ಸಾಲಕ್ಕೆ ಮುರಿದುಕೊಳ್ಳಬೇಕು ಅಂದುಕೊಳ್ಳಿ. ಖಾತೆಯಲ್ಲಿ ಕಳೆಯಬೇಕು, ಸಾಲದಲ್ಲಿ ಜಮೆ ಮಾಡಬೇಕು. ಕಳೆದಾಯಿತು, ಜಮೆ ಆಗುವ ಮೊದಲೇ ಕರೆಂಟ್ ಹೋಯಿತು! ಒಳ್ಳೆಯ ಡೇಟಾಬೇಸ್ ಇದನ್ನು ಅರ್ಧಕ್ಕೆ ನಿಲ್ಲಲು ಬಿಡುವುದಿಲ್ಲ. ಕರೆಂಟ್ ಬಂದ ಮೇಲೆ ಅರ್ಧ ಬರೆದದ್ದನ್ನು ತಾನೇ ಅಳಿಸಿ, ಲೆಕ್ಕವನ್ನು ಮೊದಲಿದ್ದ ಹಾಗೆ ಮಾಡಿಡುತ್ತದೆ.

ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಡಿ

ಒಂದೇ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು, ಅದೂ ಕೀಬೋರ್ಡ್ ಕೆಳಗೆ ಚೀಟಿಯಲ್ಲಿ. ಇದನ್ನು ಇವತ್ತೇ ನಿಲ್ಲಿಸಿ. ಕೌಂಟರಿನವರು ನಮೂದಿಸಲಿ, ಮಂಜೂರು ಮಾಡುವವರು ಬೇರೆಯವರಿರಲಿ. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಮುಚ್ಚಿ. ಸಾಫ್ಟ್‌ವೇರ್‌ನವರು ದೂರದಿಂದ ರಿಪೇರಿಗೆ ಬರುವ ದಾರಿಯನ್ನು ಕೆಲಸ ಮುಗಿದ ಕೂಡಲೇ ಬಂದ್ ಮಾಡಿ.

'ನಮ್ಮ ಸಣ್ಣ ಸಂಘಕ್ಕೆ ಯಾರು ಬರುತ್ತಾರೆ?' ಎಂದು ಎಲ್ಲ ಕಡೆ ಕೇಳುತ್ತಾರೆ. 2018ರ ಆಗಸ್ಟ್‌ನಲ್ಲಿ ಪುಣೆಯ ಒಂದು ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. ಎಟಿಎಂಗಳು ಕೇಳಿದ ಒಪ್ಪಿಗೆಗೆ ಬ್ಯಾಂಕಿನ ಬದಲು ಕಳ್ಳರ ಸಾಫ್ಟ್‌ವೇರೇ ಉತ್ತರ ಕೊಟ್ಟಿತ್ತು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದು ಕಂಪನಿಗೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಹೊಡೆದಾಗ, ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ನಿಂತಿತ್ತು.

ಬ್ಯಾಕಪ್ ತೆಗೆಯಿರಿ, ತೆರೆದೂ ನೋಡಿ

ಬ್ಯಾಕಪ್ ಅಂದರೆ ಲೆಕ್ಕದ ಇನ್ನೊಂದು ಪ್ರತಿ ತೆಗೆದಿಡುವುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕೆಲಸ ಇದು. ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಸಂಜೆ, ಒಂದು ಸಂಘದ ಕಟ್ಟಡಕ್ಕೆ ಸಿಡಿಲು ಬಡಿಯಿತು. ಕಂಪ್ಯೂಟರ್ ಸುಟ್ಟಿತು. ಬ್ಯಾಕಪ್ ಇದ್ದ ಹಾರ್ಡ್‌ಡಿಸ್ಕ್ ಯಾವಾಗಲೂ ಅದಕ್ಕೇ ಚುಚ್ಚಿಕೊಂಡಿರುತ್ತಿತ್ತು, ಅದೂ ಸುಟ್ಟಿತು. ಉಳಿದದ್ದು ಒಂದು ಹಳೆಯ ಪೆನ್‌ಡ್ರೈವ್. ಅದರಲ್ಲಿದ್ದ ಫೈಲು ತೆರೆಯಲೇ ಇಲ್ಲ. ಒಂದು ಸಲವೂ ಯಾರೂ ಪರೀಕ್ಷಿಸಿರಲಿಲ್ಲ. ಸದಸ್ಯರ ಮನೆಮನೆಯಿಂದ ಪಾಸ್‌ಬುಕ್ ತರಿಸಿ ಲೆಕ್ಕ ಕಟ್ಟಲು ಮೂರು ವಾರ ಹಿಡಿಯಿತು. ಒಬ್ಬ ಅಜ್ಜ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಹತ್ತು ವರ್ಷದ ರಸೀದಿ ತಂದು ಮೇಜಿನ ಮೇಲಿಟ್ಟರು. 'ನನ್ನ ಠೇವಣಿ ಇದೆ ಅಲ್ವಾ ತಮಾ?' ಅಂತ ಕೇಳಿದರು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಹೀಗೆ ಮಾಡಿ. ಡೇಟಾದ ಮೂರು ಪ್ರತಿ ಇರಲಿ. ಅವು ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಸಂಘದ ಕಟ್ಟಡದಿಂದ ಹೊರಗಿರಲಿ, ಬೇರೆ ಶಾಖೆಯಲ್ಲೋ ಬ್ಯಾಂಕ್ ಲಾಕರಿನಲ್ಲೋ. ಹೊರಗೆ ಹೋಗುವ ಪ್ರತಿಗೆ ಪಾಸ್‌ವರ್ಡ್ ಹಾಕಿ ಲಾಕ್ ಮಾಡಿ, ಅದರಲ್ಲಿ ಸದಸ್ಯರ ಆಧಾರ್ ಮತ್ತು ಖಾತೆ ಸಂಖ್ಯೆ ಇರುತ್ತದೆ. ಬ್ಯಾಕಪ್ ಮುಗಿದ ಮೇಲೆ ಡಿಸ್ಕ್ ಕಿತ್ತಿಡಿ. ರ‍್ಯಾನ್ಸಮ್‌ವೇರ್ ಹೊಕ್ಕರೆ ಚುಚ್ಚಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಬ್ಯಾಕಪ್ ತೆರೆದು, ಹತ್ತು ಸದಸ್ಯರ ಬಾಕಿಯನ್ನು ಅವರ ಪಾಸ್‌ಬುಕ್ ಜೊತೆ ತಾಳೆ ನೋಡಿ. ತೇವದ ಊರು ನಮ್ಮದು, ಡಿಸ್ಕ್ ಬೇಗ ಕೆಡುತ್ತದೆ.

ಫೋನಿನಲ್ಲಿ ಬಂದದ್ದನ್ನು ನಂಬಬೇಡಿ

'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಇದಕ್ಕೇ ಹಾಕಿ' ಅಂತ ಗೊಬ್ಬರದ ಕಂಪನಿ ಹೆಸರಲ್ಲಿ ಮೇಲ್ ಬಂತಾ? ಮೊದಲಿನಿಂದ ನಿಮ್ಮ ಹತ್ತಿರ ಇರುವ ನಂಬರಿಗೆ ಫೋನ್ ಮಾಡಿ ಕೇಳಿ, ಮೇಲ್‌ನಲ್ಲಿರುವ ನಂಬರಿಗೆ ಅಲ್ಲ. ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮದುವೆ ಕರೆಯೋಲೆಯ ಹೆಸರಿದ್ದರೂ ಸುಮ್ನೆ ಅಳಿಸಿ.

ಏನಾದರೂ ಆಗಿಯೇ ಹೋದರೆ

ನೆಟ್‌ವರ್ಕ್ ವೈರ್ ಕಿತ್ತುಹಾಕಿ, ವೈಫೈ ಬಂದ್ ಮಾಡಿ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಡಿ, ಪೊಲೀಸರಿಗೆ ಅದೇ ಸಾಕ್ಷಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದರೆ ದುಡ್ಡು ಮುಂದಿನ ಖಾತೆಗೆ ಹಾರುವ ಮೊದಲು ತಡೆಯುವ ಅವಕಾಶ ಜಾಸ್ತಿ. ದಾಳಿ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್‌-ಇನ್‌ಗೂ ವರದಿ ಮಾಡಬೇಕು, ಇದು 2022ರ ಆದೇಶ. 1930ಕ್ಕೆ ಕರೆ ಮಾಡುವಾಗ ಯಾವ ಖಾತೆಯಿಂದ, ಎಷ್ಟು ಹೊತ್ತಿಗೆ, ಎಷ್ಟು ದುಡ್ಡು ಹೋಯಿತು ಎನ್ನುವುದು ಮತ್ತು ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಈ ನಾಲ್ಕನ್ನು ಬರೆಯಲು ಜಾಗ ಬಿಟ್ಟ ಒಂದು ಹಾಳೆಯನ್ನು ಇವತ್ತೇ ಫೋನಿನ ಪಕ್ಕದ ಗೋಡೆಗೆ ಅಂಟಿಸಿಡಿ.